ಉದ್ಯಾನದ ಸಂಗೀತ ಸಂಜೆ: ಹಾಡು ಗೆದ್ದಿತು, ಮೈಕು ಸೋತಿತು

ಕಲಬುರಗಿಯಂಥ ಊರಿನಲ್ಲಿ ಬಯಲಿಗೆ ಕುಳಿತು ಮೂರು ನಾಲ್ಕು ತಾಸು ಸಂಗೀತ ಕೇಳಬೇಕೆಂದರೆ ದೀಪಾವಳಿಯಿಂದ ಶಿವರಾತ್ರಿಯವರೆಗಿನ ಅವಧಿಯನ್ನು ಬಿಟ್ಟರೆ ಬೇರೆ ದಾರಿಯಿಲ್ಲ. ಏಪ್ರಿಲ್, ಮೇ ತಿಂಗಳುಗಳಲ್ಲಿ ಉಷ್ಣಾಂಶ 40 ಡಿಗ್ರಿ ದಾಟಿದ ಮೇಲೆ ಹೊತ್ತು ಮುಳುಗಿದರೂ ನೆಲದ ಕಾವು ಇಳಿಯುವುದಿಲ್ಲ. ಮಳೆಗಾಲದಲ್ಲಿ ತಂಬೂರಿ, ತಬಲಾಗಳನ್ನು ಬಯಲಿಗೆ ತರಲು ಕಲಾವಿದರು ಒಪ್ಪುವುದಿಲ್ಲ. ಆ ದೃಷ್ಟಿಯಿಂದ ಈ ಜನವರಿಯಲ್ಲಿ ಸ್ಥಳೀಯ ಸಂಸ್ಥೆಯೊಂದು ನಗರದ ಉದ್ಯಾನವೊಂದರಲ್ಲಿ ಹಿಂದೂಸ್ತಾನಿ ಸಂಗೀತದ ಸಂಜೆಯನ್ನು ಏರ್ಪಡಿಸಿದ್ದು ಸರಿಯಾದ ಆಯ್ಕೆಯೇ ಆಗಿತ್ತು. ಮೊದಲು ತರುಣ ಕಲಾವಿದರೊಬ್ಬರ ಬಾನ್ಸುರಿ (ಬಿದಿರಿನ ಕೊಳಲು), ನಂತರ ಧಾರವಾಡದಿಂದ ಬಂದಿದ್ದ ಹಿರಿಯ ಗಾಯಕಿಯೊಬ್ಬರಿಂದ ಹಿಂದೂಸ್ತಾನಿ ಗಾಯನದ ಮುಖ್ಯ ಪ್ರಕಾರವಾದ ಖ್ಯಾಲ್, ಪ್ರವೇಶ ಉಚಿತ. ಕಲಾವಿದರ ಮತ್ತು ಸಂಘಟಕರ ಹೆಸರುಗಳನ್ನು ನಾನು ಇಲ್ಲಿ ಬರೆಯುತ್ತಿಲ್ಲ, ಏಕೆಂದರೆ ನಾನು ಹೇಳಹೊರಟಿರುವುದು ಬಹುಮಟ್ಟಿಗೆ ಏರ್ಪಾಟಿನ ಬಗ್ಗೆ, ಮತ್ತು ಆ ಏರ್ಪಾಟಿನ ದೋಷಗಳು ಒಂದೇ ಸಂಸ್ಥೆಗೆ ಸೇರಿದವಲ್ಲ. ಒಟ್ಟು ಅಭಿಪ್ರಾಯವನ್ನು ಮೊದಲೇ ಹೇಳಿಬಿಡುತ್ತೇನೆ: ಸಂಗೀತ ಉತ್ತಮ ದರ್ಜೆಯದಾಗಿತ್ತು, ಆದರೆ ವೇದಿಕೆ, ಆಸನ, ಧ್ವನಿವರ್ಧಕ, ವೇಳೆ ಇವೆಲ್ಲವನ್ನೂ ಬಹಿರಂಗ ಸಭೆಗೆ ಹೊಂದುವಂತೆ ಸಜ್ಜುಗೊಳಿಸಲಾಗಿತ್ತೇ ಹೊರತು ಬೈಠಕ್ಕಿಗಲ್ಲ, ಅಂದರೆ ಕಲಾವಿದರೂ ಕೇಳುಗರೂ ಹತ್ತಿರ ಎದುರುಬದುರು ಕೂರುವ ಸಂಗೀತ ಕೂಟಕ್ಕಲ್ಲ.

ಬಯಲಿನಲ್ಲಿ ಹಾಡು ಕೇಳುವುದು ಈ ಸೀಮೆಗೆ ಹೊಸದೇನೂ ಅಲ್ಲ. ಜಾತ್ರೆ, ಉರುಸುಗಳ ರಾತ್ರಿಗಳಲ್ಲಿ, ಮಠದ ಅಂಗಳದಲ್ಲಿ, ಊರ ಅಗಸೆಯ ಕಟ್ಟೆಯ ಮೇಲೆ ಏಕತಾರಿ ಹಿಡಿದು ತತ್ವಪದ ಹಾಡುವವರ ಮುಂದೆ ಬೆಳಗಿನವರೆಗೆ ಕುಳಿತ ತಲೆಮಾರುಗಳು ಇಲ್ಲಿವೆ. ಕಡಕೋಳ ಮಡಿವಾಳಪ್ಪನವರ ಪದಗಳು ಇಲ್ಲಿಯವರೆಗೆ ಉಳಿದು ಬಂದಿರುವುದೇ ಅಂಥ ಕೂಟಗಳಿಂದ. ಈ ಊರಿನಲ್ಲಿ ದರ್ಗಾ ಇರುವ ಸೂಫಿ ಸಂತ ಖ್ವಾಜಾ ಬಂದೇನವಾಜರು ಸೇರಿದ್ದ ಚಿಶ್ತಿ ಪರಂಪರೆಯಲ್ಲಿ ಸಂಗೀತ ಶ್ರವಣಕ್ಕೆ ಎಂಥ ಸ್ಥಾನವಿದೆ ಎಂಬುದನ್ನು ಈ ಊರಿನವರಿಗೆ ಹೇಳಬೇಕಿಲ್ಲ. ಖ್ಯಾಲ್ ಗಾಯನದ ರುಚಿ ಈ ಭಾಗಕ್ಕೆ ಹತ್ತಿದ್ದರಲ್ಲಿ ಗದಗಿನ ವೀರೇಶ್ವರ ಪುಣ್ಯಾಶ್ರಮದ ಪಾಲು ದೊಡ್ಡದು. ಪಂಚಾಕ್ಷರಿ ಗವಾಯಿಗಳು ಮತ್ತು ಪುಟ್ಟರಾಜ ಗವಾಯಿಗಳ ಬಳಿ ಕಲಿತವರು ಹಳ್ಳಿಯ ಮಠಗಳಲ್ಲಿ, ಶಾಲೆಗಳಲ್ಲಿ ಪೇಟಿ (ಹಾರ್ಮೋನಿಯಂ) ಹಿಡಿದು ಕುಳಿತು ಕಲಿಸಿದ್ದರಿಂದ, ರಾಗದ ಹೆಸರು ಗೊತ್ತಿಲ್ಲದವರಿಗೂ ತಾಳದ ಮೊದಲ ಪೆಟ್ಟಾದ ಸಮ್ ಬಂದಾಗ ತಲೆದೂಗುವ ಅಭ್ಯಾಸ ಬಂದಿದೆ. ಇದೇ ಭಾಗದ ರಾಯಚೂರು ಜಿಲ್ಲೆಯ ಸಿದ್ಧರಾಮ ಜಂಬಲದಿನ್ನಿಯವರಂಥ ಗಾಯಕರು ಈ ನೆಲದಿಂದಲೇ ಬಂದವರು. ಹೀಗಾಗಿ ಇಲ್ಲಿಯ ಶ್ರೋತೃಗಳಿಗೆ ಶಾಸ್ತ್ರೀಯ ಸಂಗೀತ ಅರ್ಥವಾಗುವುದಿಲ್ಲ, ಅವರಿಗಾಗಿ ಅದನ್ನು ಹಗುರಗೊಳಿಸಬೇಕು ಎಂದು ಯಾರಾದರೂ ಹೇಳಿದರೆ ನಾನು ಒಪ್ಪುವುದಿಲ್ಲ. ಆ ಸಂಜೆ ಸೇರಿದ್ದವರ ತಾಳ್ಮೆಯೇ ನನ್ನ ಮಾತಿಗೆ ಸಾಕ್ಷಿ.

ಸ್ಥಳದ ಬಗ್ಗೆ ಮೊದಲು ಒಳ್ಳೆಯದನ್ನು ಹೇಳಬೇಕು. ವೇದಿಕೆಯನ್ನು ದೊಡ್ಡ ಬೇವಿನ ಮರಗಳಿಗೆ ಬೆನ್ನು ಮಾಡಿ, ರಸ್ತೆಯ ಕಡೆಗೆ ಮುಖ ಬಾರದಂತೆ ಕಟ್ಟಲಾಗಿತ್ತು; ಇದರಿಂದ ವಾಹನಗಳ ಹಾರ್ನಿನ ಶಬ್ದ ಕೇಳುಗರ ಬೆನ್ನ ಹಿಂದೆ ಉಳಿಯದೆ ಒಂದು ಪಕ್ಕಕ್ಕೆ ಸರಿದು, ಅರ್ಧದಷ್ಟಾದರೂ ಮರಗಳಲ್ಲಿಯೇ ಕರಗಿತು. ವೇದಿಕೆಯ ಮುಂದೆ ಹುಲ್ಲುಹಾಸು, ಅದರ ಹಿಂದೆ ಶಹಾಬಾದ್ ಕಲ್ಲು ಹಾಸಿದ ಅಗಲವಾದ ಅಂಗಳ. ಅನುಭವಿಗಳು ಕಲ್ಲಿನ ಮೇಲೆಯೇ ಜಮಖಾನ ಎಳೆದುಕೊಂಡು ಕುಳಿತರು, ಮತ್ತು ಅವರ ಲೆಕ್ಕ ಸರಿಯಾಗಿತ್ತು: ಹಗಲಿಡೀ ಬಿಸಿಲುಂಡ ಕಲ್ಲು ರಾತ್ರಿ ಎಂಟರವರೆಗೂ ಬೆಚ್ಚಗಿರುತ್ತದೆ. ಹುಲ್ಲಿನ ಮೇಲೆ ಕುಳಿತವರ ಪಾಡು ಬೇರೆಯಾಗಿತ್ತು. ಅದೇ ದಿನ ಹುಲ್ಲಿಗೆ ನೀರು ಬಿಟ್ಟಿದ್ದರೆಂದು ಕಾಣುತ್ತದೆ, ಅರ್ಧ ತಾಸಿನಲ್ಲಿ ಜಮಖಾನದ ಮೂಲಕ ತೇವ ಏರಿ ಸೀರೆ, ಧೋತರಗಳನ್ನು ಮುಟ್ಟಿತು. ಕಾರ್ಯಕ್ರಮದ ಹಿಂದಿನ ದಿನದಿಂದಲೇ ನೀರು ನಿಲ್ಲಿಸಬೇಕೆಂದು ತೋಟದ ಕೆಲಸಗಾರರಿಗೆ ಒಂದು ಮಾತು ಹೇಳಿದ್ದರೆ ಸಾಕಿತ್ತು.

ಮುಂದಿನ ಸಾಲುಗಳಲ್ಲಿ ಗಣ್ಯರಿಗಾಗಿ ಸೋಫಾಗಳನ್ನು ಇಟ್ಟಿದ್ದರು. ಭಾಷಣಗಳು ಮುಗಿದ ಕೂಡಲೇ ಗಣ್ಯರು ಎದ್ದು ಹೋದರು, ಸೋಫಾಗಳು ಮಾತ್ರ ಬಿಳಿ ಬಟ್ಟೆ ಹೊದ್ದು ಹಾಗೆಯೇ ಉಳಿದವು. ಬಾನ್ಸುರಿ ಮುಗಿಯುವವರೆಗೂ ಕಲಾವಿದರಿಗೂ ನಿಜವಾದ ಶ್ರೋತೃಗಳಿಗೂ ನಡುವೆ ಖಾಲಿ ಆಸನಗಳ ಮೂರು ಸಾಲುಗಳು ಇದ್ದವು. ಸ್ವಯಂಸೇವಕರು ಯಾರನ್ನೂ ಮುಂದೆ ಬಿಡಲಿಲ್ಲ. ಬೈಠಕ್ಕಿನಲ್ಲಿ ಕಲಾವಿದ ಎದುರಿಗಿರುವವರ ಮುಖ ನೋಡಿ ಹಾಡುತ್ತಾನೆ. ಒಂದು ಸ್ವರ ಸರಿಯಾಗಿ ತಾಗಿದಾಗ ಎದುರಿನಿಂದ ಬರುವ ಒಂದು ವಾಹ್ವಾ ಆತನ ಮುಂದಿನ ಹತ್ತು ನಿಮಿಷವನ್ನು ನಿರ್ಧರಿಸುತ್ತದೆ. ಎದುರಿಗೆ ಸೋಫಾ ಮಾತ್ರ ಇದ್ದರೆ ಆತ ಯಾರನ್ನು ನೋಡಬೇಕು? ಕೊನೆಗೆ ಗಾಯಕಿ ವೇದಿಕೆಗೆ ಬಂದು ಕುಳಿತವರೇ ಮೈಕಿನಲ್ಲಿ, ‘ಹಿಂದ ಕುಂತವರು ದಯವಿಟ್ಟು ಮುಂದ ಬರ್ರಿ, ನನಗ ನಿಮ್ಮ ಮುಖ ಕಾಣಬೇಕು’ ಎಂದು ಹೇಳಿದ ಮೇಲೆ ಸ್ವಯಂಸೇವಕರು ದಾರಿ ಬಿಟ್ಟರು. ಹತ್ತು ಹದಿನೈದು ಜನ ಸೋಫಾಗಳನ್ನು ಪಕ್ಕಕ್ಕೆ ತಳ್ಳಿ ಅವುಗಳ ಮುಂದೆ ನೆಲದ ಮೇಲೆ ಕುಳಿತರು.

ಇನ್ನು ವೇಳೆಯ ಮಾತು. ಆಮಂತ್ರಣ ಪತ್ರಿಕೆಯಲ್ಲಿ ಸಂಜೆ 5.30ಕ್ಕೆ ಉದ್ಘಾಟನೆ, ತದನಂತರ ಸಂಗೀತ ಎಂದು ಅಚ್ಚಾಗಿತ್ತು. ದೀಪ ಬೆಳಗಿಸಿದ್ದು ಆರು ದಾಟಿದ ಮೇಲೆ. ಸ್ವಾಗತ, ಪ್ರಾಸ್ತಾವಿಕ, ಶಾಲು, ಹಾರ, ನೆನಪಿನ ಕಾಣಿಕೆ, ಅತಿಥಿಗಳ ಮಾತು, ಅಧ್ಯಕ್ಷರ ಮಾತು, ವಂದನಾರ್ಪಣೆ ಇಷ್ಟೆಲ್ಲ ಮುಗಿದು ಮೊದಲ ಸ್ವರ ಕೇಳಿಸಿದಾಗ ಏಳೂ ಕಾಲು ಮೀರಿತ್ತು. ನನ್ನ ಪಕ್ಕದಲ್ಲಿ ಕುಳಿತಿದ್ದ ಆಳಂದ ಕಡೆಯ ಹಿರಿಯರೊಬ್ಬರು ತಮ್ಮ ಜತೆಗಾರನಿಗೆ, ‘ನಾವು ಭಾಷಣ ಕೇಳ್ಲಾಕ ಬಂದೀವೋ, ಹಾಡು ಕೇಳ್ಲಾಕ ಬಂದೀವೋ, ಆ ಕಾಗದ ತೆಗೆದು ಮತ್ತೊಮ್ಮಿ ನೋಡಪ್ಪಾ’ ಎಂದರು. ಬೇರೆ ಯಾವ ಸಮಾರಂಭದಲ್ಲಾದರೂ ಇದು ಬರೀ ಬೇಸರದ ಸಂಗತಿಯಾಗುತ್ತಿತ್ತು. ಹಿಂದೂಸ್ತಾನಿ ಸಂಗೀತದಲ್ಲಿ ಇದು ಕಾರ್ಯಕ್ರಮವನ್ನೇ ಬದಲಿಸುತ್ತದೆ, ಏಕೆಂದರೆ ಇಲ್ಲಿ ರಾಗಗಳಿಗೆ ಪ್ರಹರಗಳು, ಅಂದರೆ ಮೂರು ಮೂರು ತಾಸಿನ ಹೊತ್ತುಗಳು, ಗೊತ್ತಾಗಿವೆ. ಹೊತ್ತು ಮುಳುಗುವ ವೇಳೆಯ ಸಂಧಿಪ್ರಕಾಶ ರಾಗಗಳಾದ ಮಾರವಾ, ಪೂರಿಯಾ ಧನಾಶ್ರೀಗಳನ್ನು ರಾತ್ರಿ ಏಳರ ಮೇಲೆ ಸಂಪ್ರದಾಯ ಬಲ್ಲವರು ಮುಟ್ಟುವುದಿಲ್ಲ. ಜನವರಿಯಲ್ಲಿ ಕಲಬುರಗಿಯಲ್ಲಿ ಸೂರ್ಯ ಮುಳುಗುವುದು ಆರರ ಆಸುಪಾಸಿಗೆ. ಬಾನ್ಸುರಿ ವಾದಕರು ಪೂರಿಯಾ ಧನಾಶ್ರೀಯನ್ನು ಸಿದ್ಧ ಮಾಡಿಕೊಂಡು ಬಂದಿದ್ದರು. ಅದನ್ನು ಅವರೇ ವೇದಿಕೆಯ ಮೇಲೆ ಹೇಳಿ, ಹೊತ್ತು ಮೀರಿದ್ದರಿಂದ ಬೇರೆ ರಾಗ ನುಡಿಸುವುದಾಗಿ ಸೌಜನ್ಯದಿಂದ ತಿಳಿಸಿದರು. ಕೋಮಲ ರಿಷಭ, ತೀವ್ರ ಮಧ್ಯಮ, ಕೋಮಲ ಧೈವತಗಳ ಆ ಕಳವಳದ ರಾಗವನ್ನು ಬೇವಿನ ಮರಗಳ ಹಿಂದೆ ಬೆಳಕು ಕೆಂಪಾಗುತ್ತಿದ್ದಾಗ ಕೇಳುವುದಕ್ಕಾಗಿಯೇ ಅಲ್ಲವೇ ಕಾರ್ಯಕ್ರಮವನ್ನು ಛಾವಣಿಯಿಲ್ಲದ ಜಾಗಕ್ಕೆ ತರುವುದು? ಅದನ್ನು ಕಳೆದುಕೊಳ್ಳುವುದಾದರೆ ಎಸ್.ಎಂ. ಪಂಡಿತ್ ರಂಗಮಂದಿರದಲ್ಲಿ ಕುರ್ಚಿಯ ಮೇಲೆ ಕುಳಿತೇ ಕೇಳಬಹುದಿತ್ತು.

ವಾದಕರು ಆರಿಸಿಕೊಂಡದ್ದು ಹಂಸಧ್ವನಿ. ಅರ್ಧ ತಾಸಿಗೆ ಇಳಿದ ಅವಧಿಗೆ ಅದು ಜಾಣ ಆಯ್ಕೆ. ಕರ್ನಾಟಕ ಸಂಗೀತದಿಂದ ಉತ್ತರಕ್ಕೆ ಹೋದ ಈ ಐದು ಸ್ವರಗಳ ರಾಗ ಮೊದಲ ಎರಡು ಸಾಲಿನಲ್ಲಿಯೇ ತನ್ನ ಗುರುತು ಹೇಳಿಬಿಡುತ್ತದೆ. ಆದರೆ ಅಷ್ಟರಲ್ಲಿ ಗಾಳಿ ತಣ್ಣಗಾಗಿತ್ತು, ಮತ್ತು ಇಲ್ಲಿ ಬಯಲಿನ ಒಂದು ತೊಡಕನ್ನು ಗಮನಿಸಬೇಕು. ಚಳಿ ಏರಿದಂತೆ ಬಿದಿರಿನ ಕೊಳವೆಯೊಳಗಿನ ಗಾಳಿಯಲ್ಲಿ ಶಬ್ದದ ವೇಗ ತಗ್ಗಿ ಬಾನ್ಸುರಿಯ ಶ್ರುತಿ ಇಳಿಯುತ್ತದೆ. ತಂಬೂರಿಯ ಲೋಹದ ತಂತಿ ಅದೇ ಚಳಿಗೆ ಬಿಗಿದುಕೊಂಡು ಅದರ ಶ್ರುತಿ ಏರುತ್ತದೆ. ಎರಡೂ ವಿರುದ್ಧ ದಿಕ್ಕಿಗೆ ಸರಿಯುತ್ತವೆ. ವಾದಕರು ವಿದ್ಯುತ್ ತಂಬೂರಿಯನ್ನೇ ಇಟ್ಟುಕೊಂಡಿದ್ದರಿಂದ ನಡುವೆ ಒಮ್ಮೆ ನಿಲ್ಲಿಸಿ ಅದನ್ನು ಸ್ವಲ್ಪ ಇಳಿಸಿಕೊಂಡು ಮುಂದುವರಿದರು. ಮೈಕಿಗೆ ಸ್ಪಂಜಿನ ಹೊದಿಕೆ ಇರಲಿಲ್ಲ. ಗಾಳಿ ಬೀಸಿದಾಗಲೆಲ್ಲ ಧಬ್ ಧಬ್ ಎಂಬ ಸದ್ದು ಬಾನ್ಸುರಿಯ ಕೆಳಸ್ವರಗಳನ್ನು ಮುಚ್ಚಿತು. ಹತ್ತಾರು ರೂಪಾಯಿಯ ಆ ಹೊದಿಕೆಯನ್ನು ಬಯಲಿನ ಕಾರ್ಯಕ್ರಮಕ್ಕೆ ತಾರದೆ ಬರುವ ಸೌಂಡಿನವರನ್ನು ನಾನು ಕ್ಷಮಿಸಲಾರೆ.

ಗಾಯಕಿ ವೇದಿಕೆಗೆ ಬಂದು ತಂಬೂರಿಗಳನ್ನು ಎತ್ತಿಕೊಂಡ ಸ್ವಲ್ಪ ಹೊತ್ತಿಗೆ ಹತ್ತಿರದ ಮಸೀದಿಯಿಂದ ಇಶಾ ನಮಾಜಿನ ಆಜಾನ್ ಕೇಳಿಸಿತು. ಅವರು ಆರಂಭಿಸದೆ ಕಾಯ್ದು, ಆ ಸಮಯವನ್ನು ಶಿಷ್ಯೆಯರ ತಂಬೂರಿಗಳನ್ನು ಮತ್ತೊಮ್ಮೆ ನೋಡಿಕೊಳ್ಳಲು ಬಳಸಿಕೊಂಡರು. ನಂತರ ಶುದ್ಧ ಕಲ್ಯಾಣ ರಾಗ, ವಿಲಂಬಿತ ಏಕತಾಲದಲ್ಲಿ, ಅಂದರೆ ಹನ್ನೆರಡು ಮಾತ್ರೆಗಳ ತಾಳದ ನಿಧಾನ ಲಯದಲ್ಲಿ. ಈ ರಾಗದ ಬಗ್ಗೆ ತಿಳಿಯದವರಿಗೆ ಎರಡು ಮಾತು ಹೇಳುವುದು ಅಗತ್ಯ, ಇಲ್ಲದಿದ್ದರೆ ಮುಂದೆ ನಾನು ಮಾಡಲಿರುವ ತಕರಾರು ಅರ್ಥವಾಗುವುದಿಲ್ಲ. ಶುದ್ಧ ಕಲ್ಯಾಣದ ಆರೋಹ ಭೂಪ ಎಂಬ ರಾಗದಂತೆ ಐದೇ ಸ್ವರಗಳದು. ಅವರೋಹದಲ್ಲಿ ಮಾತ್ರ ನಿಷಾದ ಮತ್ತು ತೀವ್ರ ಮಧ್ಯಮಗಳು ಬರುತ್ತವೆ, ಅವೂ ನಿಂತು ಹೇಳುವ ಸ್ವರಗಳಾಗಿ ಅಲ್ಲ, ಷಡ್ಜದಿಂದ ಧೈವತಕ್ಕೆ, ಪಂಚಮದಿಂದ ಗಾಂಧಾರಕ್ಕೆ ಜಾರುವ ಮೀಂಡಿನೊಳಗೆ ಸುಳಿವಿನಂತೆ. ಆ ಸುಳಿವು ಕೇಳಿಸದಿದ್ದರೆ ಶುದ್ಧ ಕಲ್ಯಾಣಕ್ಕೂ ಭೂಪಕ್ಕೂ ವ್ಯತ್ಯಾಸವೇ ಉಳಿಯುವುದಿಲ್ಲ. ಜತೆಗೆ ಇದು ಮಂದ್ರ ಸಪ್ತಕದಲ್ಲಿ, ಅಂದರೆ ಕೆಳಗಿನ ಸ್ವರಗಳಲ್ಲಿ, ಬೆಳೆಯುವ ರಾಗ. ಗಾಯಕ ಕೆಳಗಿನ ಪಂಚಮದವರೆಗೆ ಇಳಿದು ಅಲ್ಲಿ ಸಾಕಷ್ಟು ಹೊತ್ತು ವಾಸ ಮಾಡಿಯೇ ಮೇಲಕ್ಕೆ ಬರಬೇಕು. ಕಿರಾಣಾ ಘರಾಣೆ ಎಂಬ ಗುರುಪರಂಪರೆಯ ಗಾಯಕರಿಗೆ ಇದು ಮೆಚ್ಚಿನ ರಾಗವಾದದ್ದು ಇದೇ ಕಾರಣಕ್ಕೆ. ಅಬ್ದುಲ್ ಕರೀಂ ಖಾನರಿಂದ ಕುಂದಗೋಳದ ಸವಾಯಿ ಗಂಧರ್ವರಿಗೆ, ಅವರಿಂದ ಗಂಗೂಬಾಯಿ ಹಾನಗಲ್ ಮತ್ತು ಭೀಮಸೇನ ಜೋಶಿಯವರಿಗೆ ಬಂದ ಆ ಶೈಲಿಯಲ್ಲಿ ಒಂದೊಂದು ಸ್ವರದ ಮೇಲೂ ನಿಂತು ಅದರ ಹದ ನೋಡುವುದೇ ಮುಖ್ಯ, ಚಮತ್ಕಾರ ಆಮೇಲಿನದು.

ಗಾಯಕಿ ಆ ಹದವನ್ನು ಬಲ್ಲವರು. ಹನ್ನೆರಡು ಮಾತ್ರೆಗಳ ಒಂದು ಆವರ್ತನಕ್ಕೆ ಮುಕ್ಕಾಲು ನಿಮಿಷ ಹಿಡಿಯುವಷ್ಟು ನಿಧಾನದ ಲಯವನ್ನು ಹಿಡಿದು, ಮೊದಲ ಹದಿನೈದು ನಿಮಿಷ ಮಧ್ಯ ಷಡ್ಜದಿಂದ ಮೇಲೆ ಹೋಗಲೇ ಇಲ್ಲ. ಗಾಂಧಾರವನ್ನು ಅವರು ಮೊದಲ ಬಾರಿ ಪೂರ್ತಿಯಾಗಿ ಹಚ್ಚಿದಾಗ ಹಿಂದಿನ ಸಾಲಿನಿಂದ ಯಾರೋ ‘ಭಲೆ’ ಎಂದರು, ಮತ್ತು ಅದು ಸರಿಯಾದ ಜಾಗದಲ್ಲಿ ಬಂದ ಭಲೆ. ಸಮ್‌ಗೆ ಬರುವ ದಾರಿಯನ್ನು ಪ್ರತಿ ಆವರ್ತನದಲ್ಲೂ ಬೇರೆಯಾಗಿ ಕಟ್ಟುತ್ತಿದ್ದರು. ಕೆಲವೊಮ್ಮೆ ಹಾಡಿನ ಮೊದಲ ತುಣುಕಾದ ಮುಖಡಾವನ್ನು ಹತ್ತನೆಯ ಮಾತ್ರೆಯವರೆಗೂ ತಡೆದು, ಇನ್ನು ತಪ್ಪಿತು ಎಂದುಕೊಳ್ಳುವಷ್ಟರಲ್ಲಿ ನಿರಾಯಾಸವಾಗಿ ಬಂದು ಕೂಡುತ್ತಿದ್ದರು. ಪೇಟಿಯವರು ಹಿಂದೆ ಹಿಂದೆಯೇ ಇದ್ದು, ಗಾಯನವನ್ನು ನಕಲು ಮಾಡುವ ಆಸೆಗೆ ಬೀಳದೆ ನಡೆದದ್ದು ಇತ್ತೀಚೆಗೆ ಅಪರೂಪ.

ಇದೆಲ್ಲ ವೇದಿಕೆಯ ಹತ್ತಿರ ಕುಳಿತವರಿಗೆ ಕೇಳಿಸಿತು. ಹಿಂದೆ ಕುಳಿತವರಿಗೆ ಕೇಳಿಸಿದ್ದು ಬೇರೆಯದೇ ವಸ್ತು. ಸೌಂಡಿನವರು ಗಾಯನದ ಮೈಕಿಗೆ ಎಕೋ ಏರಿಸಿದ್ದರು. ಭಾಷಣಕ್ಕೆ, ಭಾವಗೀತೆಗೆ, ಆರ್ಕೆಸ್ಟ್ರಾಕ್ಕೆ ಅವರು ಅದನ್ನು ಹಾಕುತ್ತ ಬಂದಿದ್ದಾರೆ, ಧ್ವನಿ ದೊಡ್ಡದಾಗಿ ಕಾಣುತ್ತದೆಂಬ ನಂಬಿಕೆಯಿಂದ. ಮೀಂಡಿನ ಮೇಲೆ ಎಕೋ ಬಿದ್ದರೆ ಹಿಂದಿನ ಸ್ವರ ಮುಂದಿನ ಸ್ವರದ ಮೇಲೆ ಕುಳಿತುಕೊಂಡು, ಎರಡರ ನಡುವೆ ಸುಳಿಯುವ ಮಧ್ಯಮ, ನಿಷಾದಗಳು ಅಳಿಸಿಹೋಗುತ್ತವೆ. ನಾನು ಸ್ವಲ್ಪ ಹೊತ್ತು ಹಿಂದೆ ಹೋಗಿ ನಿಂತು ಕೇಳಿದಾಗ ಶುದ್ಧ ಕಲ್ಯಾಣ ನಿಜವಾಗಿಯೂ ಭೂಪವಾಗಿಬಿಟ್ಟಿತ್ತು. ಮಂದ್ರದ ಸ್ವರಗಳ ಗತಿ ಇನ್ನೂ ಕಷ್ಟ. ತಬಲಾ ಜೋಡಿಯ ಎಡಗೈ ವಾದ್ಯವಾದ ಡಗ್ಗಾದ ಮೈಕನ್ನು ಚರ್ಮಕ್ಕೆ ತಾಗುವಷ್ಟು ಹತ್ತಿರ ಇಟ್ಟು ಅದರ ಕೆಳಧ್ವನಿಯನ್ನು ಏರಿಸಿದ್ದರಿಂದ, ಗಾಯಕಿ ಕೆಳಗಿನ ಪಂಚಮದಲ್ಲಿ ನಿಂತಾಗಲೆಲ್ಲ ಡಗ್ಗಾದ ಗುಂಯ್ ಎಂಬ ಸದ್ದು ಅವರ ಮೇಲೆ ಹಾಯುತ್ತಿತ್ತು. ತಂಬೂರಿಗಳಿಗೆ ಮೈಕು ಇತ್ತು, ಆದರೆ ಅದರ ಧ್ವನಿ ಶ್ರೋತೃಗಳ ಕಡೆಯ ಬಾಕ್ಸುಗಳಿಗೆ ಬರುತ್ತಲೇ ಇರಲಿಲ್ಲ. ತಂಬೂರಿಯಿಲ್ಲದ ಖ್ಯಾಲ್ ಗಾಯನ ಭಿತ್ತಿಯಿಲ್ಲದ ಚಿತ್ರ.

ಬಯಲಿನಲ್ಲಿ ಧ್ವನಿಯನ್ನು ಹಂಚುವುದು ಸಭಾಂಗಣಕ್ಕಿಂತ ಕಷ್ಟದ ಕೆಲಸ ಎಂಬುದನ್ನು ಒಪ್ಪುತ್ತೇನೆ. ಸಭಾಂಗಣದ ಗೋಡೆ, ಛಾವಣಿಗಳು ಶಬ್ದವನ್ನು ಮರಳಿಸಿ ಹಿಂದಿನ ಸಾಲಿಗೂ ಮುಟ್ಟಿಸುತ್ತವೆ. ಉದ್ಯಾನದಲ್ಲಿ ಹೋದ ಶಬ್ದ ಹೋಯಿತು. ದೂರ ಇಮ್ಮಡಿಯಾದಂತೆ ಅದರ ಮಟ್ಟ ಸುಮಾರು 6 ಡೆಸಿಬೆಲ್ ಇಳಿಯುತ್ತದೆ. ಇದಕ್ಕೆ ಸೌಂಡಿನವರು ಕಂಡುಕೊಂಡಿದ್ದ ಪರಿಹಾರ ಎರಡು: ವೇದಿಕೆಯ ಎರಡೂ ಬದಿಗೆ ದೊಡ್ಡ ಬಾಕ್ಸುಗಳನ್ನು ಪೇರಿಸಿ ಕಿವಿಗಡಚಿಕ್ಕುವಂತೆ ಏರಿಸುವುದು, ಮತ್ತು ಹಿಂದಿನವರಿಗಾಗಿ ಅಂಗಳದ ಕೊನೆಯಲ್ಲಿ ಎರಡು ಹಾರ್ನ್ ಸ್ಪೀಕರ್ ಕಟ್ಟುವುದು. ಎರಡನೆಯದು ಹೆಚ್ಚು ಹಾನಿ ಮಾಡಿತು. ಶಬ್ದ ಗಾಳಿಯಲ್ಲಿ ಸೆಕೆಂಡಿಗೆ ಸುಮಾರು 340 ಮೀಟರ್ ಸಾಗುತ್ತದೆ. ವಿದ್ಯುತ್ ತಂತಿಯಲ್ಲಿ ಸಂಕೇತ ಕ್ಷಣಮಾತ್ರದಲ್ಲಿ ಮುಟ್ಟುತ್ತದೆ. ವೇದಿಕೆಯಿಂದ 34 ಮೀಟರ್ ದೂರ ಕುಳಿತವನಿಗೆ ಪಕ್ಕದ ಹಾರ್ನಿನಿಂದ ತಬಲಾದ ಪೆಟ್ಟು ಮೊದಲು ಕೇಳಿಸಿ, ವೇದಿಕೆಯ ಬಾಕ್ಸಿನಿಂದ ಅದೇ ಪೆಟ್ಟು ಸೆಕೆಂಡಿನ ಹತ್ತನೆಯ ಒಂದು ಭಾಗದಷ್ಟು ತಡವಾಗಿ ಮತ್ತೊಮ್ಮೆ ಕೇಳಿಸುತ್ತದೆ. ವಿಲಂಬಿತದಲ್ಲಿ ಇದನ್ನು ಹೇಗೋ ಸಹಿಸಬಹುದು. ವೇಗದ ಲಯದ ದ್ರುತ್ ತೀನತಾಲದಲ್ಲಿ ತಬಲಾದವರು ಸೆಕೆಂಡಿಗೆ ಎಂಟು ಪೆಟ್ಟು ಹಾಕತೊಡಗಿದರೆ ಒಂದು ಪೆಟ್ಟಿನ ಮರುಧ್ವನಿ ಮುಂದಿನ ಪೆಟ್ಟಿನ ಹತ್ತಿರ ಹೋಗಿ ಬೀಳುತ್ತದೆ, ಲಯ ತಿಳಿಯುವುದೇ ಇಲ್ಲ. ಹಿಂದಿನ ಸ್ಪೀಕರುಗಳಿಗೆ ಹೋಗುವ ಧ್ವನಿಯನ್ನು ಅಷ್ಟೇ ಕಾಲ ತಡೆದು ಬಿಡುವ ಸೌಲಭ್ಯ ಇಂದಿನ ಸಾಧಾರಣ ಡಿಜಿಟಲ್ ಮಿಕ್ಸರುಗಳಲ್ಲಿಯೂ ಇದೆ. ಅದನ್ನು ಹೊಂದಿಸಲು ಬೇಕಾದದ್ದು ಅಳತೆಯ ಟೇಪು ಮತ್ತು ಸಂಜೆ ನಾಲ್ಕಕ್ಕೆ ಬಂದು ಪರೀಕ್ಷೆ ಮಾಡುವ ಮನಸ್ಸು. ಆ ದಿನದ ಪರೀಕ್ಷೆ ‘ಹಲೋ, ಹಲೋ, ಮೈಕ್ ಚೆಕ್’ ಎಂಬಲ್ಲಿಗೆ ಮುಗಿದಿತ್ತು.

ಬೆಳಕಿನ ವ್ಯವಸ್ಥೆಯೂ ಸಭೆಯದೇ. ವೇದಿಕೆಯ ಮುಂದೆ ಎರಡು ಹ್ಯಾಲೊಜೆನ್ ದೀಪಗಳನ್ನು ಕಲಾವಿದರ ಮುಖಕ್ಕೆ ನೇರವಾಗಿ ಹಿಡಿದಿದ್ದರು. ಅವುಗಳ ಶಾಖಕ್ಕೆ ತಬಲಾದ ಚರ್ಮ ಬಿಗಿದು ಶ್ರುತಿ ಏರುತ್ತದೆ, ತಂಬೂರಿಯ ತಂತಿ ಸಡಿಲಾಗಿ ಶ್ರುತಿ ಇಳಿಯುತ್ತದೆ. ಹೀಗಾಗಿ ತಬಲಾದವರು ಸುತ್ತಿಗೆಯನ್ನು ಕೆಳಗಿಡುವ ಹಾಗೆಯೇ ಇರಲಿಲ್ಲ. ದೀಪಕ್ಕೆ ಮುತ್ತಿದ ಹುಳುಗಳು ಬೇರೆ. ‘ಆ’ಕಾರದಲ್ಲಿ ಬಾಯಿ ತೆರೆದು ನಿಲ್ಲಬೇಕಾದ ಗಾಯಕಿಗೆ ಹುಳುಗಳ ಕಾಟ ಎಷ್ಟು ದೊಡ್ಡದೆಂಬುದು ಭಾಷಣ ಮಾಡುವವರಿಗೆ ತಿಳಿಯಲಾರದು. ಅವರು ಎರಡು ಸಲ ಸೆರಗಿನಿಂದ ಬಾಯಿ ಒರೆಸಿಕೊಂಡು, ಮೂರನೆಯ ಸಲ ನಗುತ್ತ, ‘ದೀಪ ಆರಸ್ರಿ ತಮ್ಮಾ, ಹಾಡು ಕಿವಿಗೆ ಕೇಳಸ್ತದ, ಕಣ್ಣಿಗೆ ಬೇಕಾಗಿಲ್ಲ’ ಎಂದಾಗ ಒಂದು ದೀಪ ಆರಿತು, ಇನ್ನೊಂದನ್ನು ಮರದ ಕಡೆಗೆ ತಿರುಗಿಸಿದರು. ಅಲ್ಲಿಂದ ಮುಂದೆ ಕಾರ್ಯಕ್ರಮದ ರೂಪವೇ ಬದಲಾಯಿತು. ಬಾಕ್ಸಿನ ಧ್ವನಿಯನ್ನೂ ಅದೇ ವೇಳೆಗೆ ಯಾರೋ ತಗ್ಗಿಸಿದರು. ಹಿಂದಿನವರು ಜಮಖಾನ ಸಮೇತ ಮುಂದೆ ಸರಿದರು.

ಎರಡನೆಯದಾಗಿ ಬಂದ ಬಾಗೇಶ್ರೀ ರಾಗ ಆ ಸಂಜೆಯ ಅತ್ಯುತ್ತಮ ಭಾಗ. ವಿಲಂಬಿತಕ್ಕೆ ಸಮಯವಿರಲಿಲ್ಲವಾದ್ದರಿಂದ ಮಧ್ಯಲಯದ ಬಂದಿಶ್ (ರಾಗದಲ್ಲಿ ಕಟ್ಟಿದ ಹಾಡು) ಒಂದನ್ನು ಎತ್ತಿಕೊಂಡು, ಮಧ್ಯಮದ ಮೇಲೆ ಭಾರ ಹಾಕುತ್ತ, ಪಂಚಮವನ್ನು ಅವರೋಹದಲ್ಲಿ ಮಾತ್ರ ಸ್ವಲ್ಪವೇ ತೋರಿಸುತ್ತ ಅವರು ಕಟ್ಟಿದ ರಾಗಚಿತ್ರದಲ್ಲಿ ಒಂದು ತಾನ್ (ವೇಗದ ಸ್ವರಗಳ ಓಟ) ಕೂಡ ಹೆಚ್ಚಾಗಿರಲಿಲ್ಲ. ದ್ರುತ್‌ಗೆ ಬಂದಾಗ ತಬಲಾ ಸಾಥಿಗೆ ಎರಡು ಆವರ್ತನ ಬಿಟ್ಟುಕೊಟ್ಟರು. ಅದು ಚಪ್ಪಾಳೆಗಾಗಿ ಬಿಟ್ಟುಕೊಟ್ಟದ್ದಲ್ಲ, ಲಯವೇ ಅದನ್ನು ಬೇಡಿದ್ದರಿಂದ. ಮಕ್ಕಳನ್ನು ಕರೆತಂದಿದ್ದ ಕುಟುಂಬಗಳು ಎದ್ದು ಹೋಗುತ್ತವೆಂದು ನಾನು ಎಣಿಸಿದ್ದೆ, ಹೋಗಲಿಲ್ಲ. ಮಕ್ಕಳು ಅಲ್ಲಿಯೇ ಮಲಗಿದರು. ಉದ್ಯಾನದ ಕಾರ್ಯಕ್ರಮದ ಒಂದು ದೊಡ್ಡ ಲಾಭ ಇದೇ: ಸಭಾಂಗಣದಲ್ಲಿ ಅಳುವ ಮಗುವನ್ನು ಎತ್ತಿಕೊಂಡು ತಾಯಿ ಹೊರಗೆ ಓಡಬೇಕಾಗುತ್ತದೆ, ಇಲ್ಲಿ ನಾಲ್ಕು ಹೆಜ್ಜೆ ದೂರ ಹೋಗಿ ಮರದ ಕೆಳಗೆ ತೂಗುತ್ತಲೇ ಹಾಡು ಕೇಳಬಹುದು. ವಾಕಿಂಗಿಗೆ ಬಂದವರು, ಬೆಂಚಿನ ಮೇಲೆ ಕುಳಿತಿದ್ದ ಹಾಸ್ಟೆಲ್ ಹುಡುಗರು, ಕಡಲೆಕಾಯಿ ಮಾರುವವರು ಎಲ್ಲರೂ ಒಂದಿಷ್ಟು ಹೊತ್ತು ಶ್ರೋತೃಗಳಾದರು. ಟಿಕೆಟ್ಟಿನ ಸಭಾಂಗಣಕ್ಕೆ ಇವರಲ್ಲಿ ಯಾರೂ ಬರುತ್ತಿರಲಿಲ್ಲ.

ಗಾಯನವನ್ನು ಒಂಬತ್ತೂ ಮುಕ್ಕಾಲಿಗೆ ಮುಗಿಸಬೇಕಾಯಿತು. 2000ನೆಯ ಇಸವಿಯ ಶಬ್ದಮಾಲಿನ್ಯ ನಿಯಮಗಳ ಪ್ರಕಾರ ರಾತ್ರಿ 10ರಿಂದ ಬೆಳಗಿನ 6ರವರೆಗೆ ಬಯಲಿನಲ್ಲಿ ಧ್ವನಿವರ್ಧಕ ಹಚ್ಚುವಂತಿಲ್ಲ. ಸಾಂಸ್ಕೃತಿಕ, ಧಾರ್ಮಿಕ ಸಂದರ್ಭಗಳಿಗಾಗಿ ವರ್ಷದಲ್ಲಿ ಹೆಚ್ಚೆಂದರೆ 15 ದಿನ ಮಧ್ಯರಾತ್ರಿಯವರೆಗೆ ಸಡಿಲಿಕೆ ಕೊಡಲು ರಾಜ್ಯ ಸರ್ಕಾರಕ್ಕೆ ಅವಕಾಶವಿದೆ. ನಿಯಮ ಸರಿಯಾದದ್ದೇ, ಉದ್ಯಾನದ ಸುತ್ತ ಮನೆಗಳಿವೆ, ಮಾರ್ಚ್ ಪರೀಕ್ಷೆಗೆ ಓದುವ ಮಕ್ಕಳಿದ್ದಾರೆ. ಆದರೆ ಹತ್ತರ ಗಡಿ ಗೊತ್ತಿದ್ದೂ ಮೊದಲ ಒಂದೂ ಮುಕ್ಕಾಲು ತಾಸನ್ನು ಸನ್ಮಾನಕ್ಕೆ ಕೊಟ್ಟದ್ದರಿಂದ, ರಾತ್ರಿಯ ಎರಡನೆಯ ಪ್ರಹರದ ಇನ್ನೊಂದು ರಾಗಕ್ಕೆ, ಅಂದರೆ ಬಿಹಾಗಕ್ಕೋ ಜಯಜಯವಂತಿಗೋ ಜಾಗವೇ ಉಳಿಯಲಿಲ್ಲ. ಗಾಯಕಿ ರೂಢಿಯಂತೆ ಭೈರವಿಯಲ್ಲಿ ಮುಗಿಸಿದರು. ಭೈರವಿ ಬೆಳಗಿನ ರಾಗವಾದರೂ ಮುಕ್ತಾಯಕ್ಕೆ ಯಾವ ಹೊತ್ತಿನಲ್ಲಾದರೂ ಅದಕ್ಕೆ ಸಲುಗೆಯುಂಟು. ಅದರಲ್ಲಿ ಅವರು ಅಕ್ಕಮಹಾದೇವಿಯ ವಚನವೊಂದನ್ನು ಹಾಡಿದರು. ಕೇವಲ ವಚನಕ್ಕಾಗಿ ಕಾಯ್ದಿದ್ದವರು ಅಲ್ಲಿ ಅನೇಕರಿದ್ದರು. ಅದುವರೆಗೆ ಕೈಕಟ್ಟಿ ಕುಳಿತಿದ್ದ ಅಜ್ಜಿಯರು ತಾವೂ ಮೆಲ್ಲಗೆ ಹಾಡತೊಡಗಿದರು. ವಚನವನ್ನು ರಾಗಕ್ಕೆ ಅಳವಡಿಸುವಾಗ ಶಬ್ದಗಳನ್ನು ಎಳೆದು ಮುರಿಯುವ ಚಟ ಅನೇಕ ಗಾಯಕರಿಗಿದೆ, ಇವರಿಗೆ ಅದು ಇರಲಿಲ್ಲ.

ಉಳಿದ ಸೌಕರ್ಯಗಳನ್ನು ಬೇಗ ಹೇಳಿ ಮುಗಿಸುತ್ತೇನೆ. ಕುಡಿಯುವ ನೀರಿನ ಕ್ಯಾನುಗಳು ಸಾಕಷ್ಟಿದ್ದವು. ಹೆಂಗಸರಿಗೆ ತಾತ್ಕಾಲಿಕ ಶೌಚಾಲಯದ ಏರ್ಪಾಟು ಮಾಡಿರಲಿಲ್ಲ, ನಾಲ್ಕು ತಾಸಿನ ಕಾರ್ಯಕ್ರಮಕ್ಕೆ ಇದು ಸಣ್ಣ ಕೊರತೆಯಲ್ಲ. ಗೇಟಿನ ಹೊರಗೆ ಸುಸಲಾ, ಮಿರ್ಚಿ ಭಜಿಯ ಗಾಡಿಗಳು ನಿಂತಿದ್ದವು. ಭಜಿ ಬಿಸಿಯಾಗಿಯೂ ಮೆಣಸಿನಕಾಯಿ ಖಾರವಾಗಿಯೂ ಇದ್ದವು, ಚಹಾಕ್ಕೆ ಸಕ್ಕರೆ ಜಾಸ್ತಿ. ಸೊಳ್ಳೆಗಳು ಏಳರಿಂದ ಎಂಟರವರೆಗೆ ಕಾಡಿ ಚಳಿ ಏರಿದ ಮೇಲೆ ಕಡಿಮೆಯಾದವು. ದ್ವಿಚಕ್ರ ವಾಹನಗಳಿಗೆ ಒಳಗೆ ಜಾಗವಿತ್ತು, ಕಾರಿನವರು ರಸ್ತೆಯ ಬದಿಯನ್ನೇ ಆಶ್ರಯಿಸಬೇಕಾಯಿತು.

ಇಂಥ ಸಂಜೆಗೆ ಮುಂದೆ ಹೋಗುವವರು ವೇದಿಕೆಯತ್ತ ಮುಖ ಮಾಡಿದಾಗ ತಮ್ಮ ಎಡಗಡೆ, ಬಾಕ್ಸಿನ ನೇರಕ್ಕೆ ಬಾರದಂತೆ, ಐದಾರು ಸಾಲು ಬಿಟ್ಟು ಕೂರುವುದು ಒಳ್ಳೆಯದು. ಕಲಾವಿದರ ಬಲಗೈ ಬದಿಯಲ್ಲಿ ಕೂರುವ ತಬಲಾದವರ ಆರ್ಭಟ ಅಲ್ಲಿ ತುಸು ಹೆಚ್ಚು ಕೇಳಿಸಿದರೂ ಗಾಯಕಿಯ ನಿಜವಾದ ಧ್ವನಿಯೂ ಮೈಕಿನ ಜತೆಗೆ ಕಿವಿಗೆ ಸಿಗುತ್ತದೆ. ಎಂಟರ ನಂತರ ಶಾಲು ಬೇಕೇ ಬೇಕು. ಸಂಘಟಕರಿಗೆ ಹೇಳುವುದಾದರೆ, ಸನ್ಮಾನವನ್ನು ವಾದನ, ಗಾಯನಗಳ ನಡುವಿನ ಹತ್ತು ನಿಮಿಷಕ್ಕೆ ಇಳಿಸಿ, ಮೊದಲ ಸ್ವರವನ್ನು ಸೂರ್ಯಾಸ್ತಕ್ಕೆ ಸರಿಯಾಗಿ ಎತ್ತಿಸಲಿ. ಸೌಂಡಿನವರನ್ನು ಆರಿಸುವಾಗ ಬಾಕ್ಸುಗಳ ಸಂಖ್ಯೆಯನ್ನು ಕೇಳದೆ, ಹಿಂದೆ ಯಾವ ಗಾಯಕರಿಗೆ ಮೈಕು ಹಿಡಿದಿದ್ದಾರೆಂದು ಕೇಳಲಿ. ಎಕೋ ಗುಂಡಿಯನ್ನು ಕಾರ್ಯಕ್ರಮ ಮುಗಿಯುವವರೆಗೆ ಯಾರೂ ಮುಟ್ಟದಂತೆ ನೋಡಿಕೊಳ್ಳಲಿ. ಈ ಮೂರರಲ್ಲಿ ಯಾವುದಕ್ಕೂ ಹೆಚ್ಚಿನ ಖರ್ಚಿಲ್ಲ. ಹೆಂಗಸರ ಶೌಚಾಲಯಕ್ಕೆ ಖರ್ಚಿದೆ, ಆ ಹಣವನ್ನು ಹಾರ, ಶಾಲುಗಳ ಲೆಕ್ಕದಿಂದ ತೆಗೆಯಬಹುದು.